ಉಣ್ಣಿ ಹತ್ತಿದ ಮಳೆಗಾಲ

ಮೊನ್ನೆ ಜೇವರ್ಗಿಯ ನಮ್ಮ ದನದ ದವಾಖಾನೆಯಲ್ಲಿ ಅಟೆಂಡರ್‌ನ ಕೈ ಜಾರಿ ಉಣ್ಣಿ ಔಷಧದ ಬಾಟಲಿ ಒಡೆಯಿತು. ನೆಲ ಒರೆಸಿ, ಕಿಟಕಿ ತೆಗೆದಿಟ್ಟು, ಫ್ಯಾನು ತಿರುಗಿಸಿದರೂ ಆ ಸೀಮೆಎಣ್ಣೆಯಂಥ ಘಾಟು ಸಂಜೆಯವರೆಗೆ ಹೋಗಲಿಲ್ಲ. "ಹೊರಗ ಕೂಡ್ರಿ ಮೇಡಂ, ತಲಿ ಹಿಡೀತದ," ಅಂದ ಅವನು. ಹೊರಗೆ ಬಂದು ಬೇವಿನ ಗಿಡದ ಕೆಳಗೆ ಕೂತೆ. ಘಾಟು ಅಲ್ಲಿಗೂ ಬಂತು, ಅದರ ಬೆನ್ನಿಗೇ ಆಳಂದವೂ ಬಂತು. ಕೆಲಸ ಮಾಡಿದ ಹಳೆಯ ಊರು ನೆನಪಾದರೆ ಕೆಲವರಿಗೆ ಕಣ್ಣು ತುಂಬಿ ಬರುತ್ತದಂತೆ. ನನಗೆ ಮೈ ಉರಿಯುತ್ತದೆ.

ಆಳಂದ ತಾಲ್ಲೂಕು ನನ್ನ ಮೊದಲ ಪೋಸ್ಟಿಂಗ್. ನಾನು ಹುಟ್ಟಿದ್ದು ಇದೇ ಜೇವರ್ಗಿ ಕಡೆಯ ಕೊಳಕೂರಿನಲ್ಲಿ, ಗೋಡೆಯ ಮೇಲೆ ಬುದ್ಧನ ಪಟ ಇರುವ ಮನೆಯಲ್ಲಿ. ಅಪ್ಪ ಮಂದಿಯ ಹೊಲದಲ್ಲಿ ಕೂಲಿ ಮಾಡಿದವರು, ಮಗಳು ದನದ ಡಾಕ್ಟರಾದಳು. ಇದನ್ನು ಹೇಳುವುದು ಹೆಮ್ಮೆಗಲ್ಲ. ಮುಂದೆ ಬರುವ ಚಹಾದ ಮಾತು ಅರ್ಥವಾಗಲಿ ಅಂತ.

ನಾನು ಹೇಳಬೇಕಾದ ಹಳ್ಳಿಯ ಹೆಸರು ಬರೆಯುವುದಿಲ್ಲ. ಮಟಕಿ, ಸರಸಂಬಾ ಅಂತ ಬಸ್ಸು ಕೂಗುತ್ತಾ ಹೋಗುವ ದಾರಿಗಳಲ್ಲಿ ಹತ್ತಾರು ಹಳ್ಳಿಗಳಿವೆ, ಅವುಗಳಲ್ಲಿ ಒಂದು ಅಂದುಕೊಳ್ಳಿ. ಹೆಸರು ಬರೆದರೆ ಆ ಊರಿನ ಹಿರಿಯರು ಬೈಯುತ್ತಾರೆ ಅಂತ ನನಗೇನೂ ಹೆದರಿಕೆಯಿಲ್ಲ. ಖುಷಿಪಟ್ಟು ಈ ಬರಹವನ್ನೇ ಕತ್ತರಿಸಿ ಗೋಡೆಗೆ ಅಂಟಿಸಿಕೊಂಡಾರು ಅಂತ ಹೆದರಿಕೆ. ಅಂಥ ಮಂದಿ ಅವರು.

ಅವರಲ್ಲಿ ಮೊದಲನೆಯವರು ಶಿವಶರಣಪ್ಪ ಸಾಹುಕಾರರು. ಕಣ್ಣು ಹಾಯುವಷ್ಟು ತೊಗರಿ ಹೊಲ, ಹಣೆಯ ತುಂಬ ವಿಭೂತಿ, ಊರಿನ ಹಾಲಿನ ಡೇರಿಯ ಅಧ್ಯಕ್ಷಗಿರಿ. ಬಸವ ಜಯಂತಿಯ ದಿನ ಮೈಕು ಹಿಡಿದರೆ ಮನುಷ್ಯರೆಲ್ಲ ಒಂದೇ ಅಂತ ಗಂಟಲು ಹರಿಯುವ ಹಾಗೆ ಮಾತಾಡುತ್ತಿದ್ದರು. ಮೈಕು ಇಳಿಸಿದ ಮೇಲೆ ಆ ಮಾತು ಮುಂದಿನ ಜಯಂತಿಯವರೆಗೆ ಟ್ರಂಕಿಗೆ ಹೋಗುತ್ತಿತ್ತು.

ಆ ವರ್ಷ ಮುಂಗಾರು ಬೇಗ ಬಂತು. ಮೊದಲ ಮಳೆ ಬಿದ್ದು ಕರಿ ನೆಲ ಬಾಯಿ ಮುಚ್ಚಿತು, ಬದುಗಳ ಮೇಲೆ ಹುಲ್ಲು ಎದ್ದಿತು, ಹುಲ್ಲಿನ ಜೊತೆ ಉಣ್ಣಿಗಳೂ ಎದ್ದವು. ಸಾಹುಕಾರರು ಮಳೆಗೆ ಸ್ವಲ್ಪ ಮುಂಚೆ ಅಫಜಲಪುರ ಕಡೆಯಿಂದ ಒಂದು ಜೋಡಿ ಖಿಲಾರಿ ಎತ್ತು ತಂದಿದ್ದರು. ಊರೆಲ್ಲ ಹೋಗಿ ನೋಡಿ ಬಂದಿತ್ತು. ಬಿತ್ತನೆ ಮುಗಿಯುವುದರೊಳಗೆ ಎರಡೂ ಮೇವು ಬಿಟ್ಟು, ತಲೆ ಜೋತುಬಿಟ್ಟು ನಿಂತವು. ನನಗೆ ಕರೆ ಬಂತು.

ದೊಡ್ಡಿಗೆ ಹೋಗುತ್ತಲೇ ಸಾಹುಕಾರರ ಮೊದಲ ಪ್ರಶ್ನೆ ಎತ್ತಿನ ಬಗ್ಗೆ ಇರಲಿಲ್ಲ.

"ಬಾಯಾರ ಯಾವೂರವರಾದ್ರಿ?"

"ಕೊಳಕೂರ್ರಿ, ಜೇವರ್ಗಿ ತಾಲ್ಲೂಕ."

"ಹೌದೇನ್ರಿ. ಅಡ್ಡಹೆಸರು?"

ನಮ್ಮ ಕಡೆ ಅಡ್ಡಹೆಸರು ಕೇಳುವುದು ಯಾಕೆ ಅಂತ ಎಲ್ಲರಿಗೂ ಗೊತ್ತು. ಅದನ್ನು ಹೇಳಿದ ಮೇಲೆ ಕೇಳಿದವರಿಗೆ ಮತ್ತೇನೂ ಕೇಳಬೇಕಾಗುವುದಿಲ್ಲ. ಹೇಳಿದೆ. ಸಾಹುಕಾರರು "ಆಯ್ತಾಯ್ತು, ಬರ್ರಿ, ಎತ್ತು ನೋಡ್ರಿ," ಅಂದರು. ಆಮೇಲೆ ಚಹಾ ಬಂತು. ಅವರಿಗೂ, ಜೊತೆಗೆ ಕೂತಿದ್ದ ಇಬ್ಬರಿಗೂ ಪಿಂಗಾಣಿಯ ಕಪ್ಪು ಬಸಿ. ನನಗೆ ಕಾಗದದ ಲೋಟ. ನಾನು ನೋಡಿದ್ದನ್ನು ನೋಡಿ, "ಹೈಜೀನ್ ಇರ್ತದ ನೋಡ್ರಿ ಬಾಯಾರ, ಡಾಕ್ಟರ್ ಮಂದಿಗಿ ಅದೇ ಚಲೋ," ಅಂದರು. ಕಾಗದದ ಲೋಟ ಬರುವುದಕ್ಕಿಂತ ಮುಂಚೆ ಇಂಥವರು ಏನು ಮಾಡುತ್ತಿದ್ದರೋ, ಪಾಪ, ಬಹಳ ಕಷ್ಟಪಟ್ಟಿರಬೇಕು. ಚಹಾ ಕುಡಿಯದೆ, ದನಕ್ಕೆ ಮೇವು ಹಾಕುವ ಗ್ವಾದಲಿಯ ಕಟ್ಟೆಯ ಮೇಲಿಟ್ಟೆ.

ಎತ್ತುಗಳ ಮೈ ಕಾದ ಹೆಂಚು. ಒಸಡಿನ ಮೇಲೆ ಸೂಜಿ ಚುಚ್ಚಿದ ಹಾಗೆ ಕೆಂಪು ಚುಕ್ಕೆಗಳು. ಕಿವಿಯೊಳಗೆ, ಗಂಗೆದೊಗಲಲ್ಲಿ, ಬಾಲದ ಬುಡದಲ್ಲಿ ರಕ್ತ ಕುಡಿದು ಉಬ್ಬಿದ ಉಣ್ಣಿಗಳು ಔಡಲ ಬೀಜ ಅಂಟಿಸಿದಂತೆ ಕೂತಿದ್ದವು. ಉಣ್ಣಿಯಿಂದ ಬರುವ ಜ್ವರಗಳು ನಮಗೇನೂ ಹೊಸವಲ್ಲ. ರಕ್ತವನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ಆ ರೋಗಾಣುಗಳು ಕಾಣಿಸುತ್ತವೆ. ನಾನು ಕಣ್ಣು ನೋಯುವ ತನಕ ನೋಡಿದೆ, ಏನೂ ಕಾಣಿಸಲಿಲ್ಲ. ಉಳಿದ ರಕ್ತದಿಂದ ತಿಳಿ, ಅಂದರೆ ಸೀರಂ, ತೆಗೆದು ಒಂದಷ್ಟು ಪ್ರಯೋಗಾಲಯಕ್ಕೆ ಕಳಿಸಿದೆ. ಒಂದಷ್ಟನ್ನು ಸಣ್ಣ ಟ್ಯೂಬುಗಳಿಗೆ ತುಂಬಿ, ಹೆಸರು ಬರೆದು, ದವಾಖಾನೆಯ ಡೀಪ್ ಫ್ರೀಜರಿನಲ್ಲಿ ಇಟ್ಟೆ. ಕಾಲೇಜಿನಲ್ಲಿ ಕಲಿಸಿದ ರೂಢಿ ಅದು, ಅಷ್ಟೇ.

ಸಾಹುಕಾರರ ಎತ್ತು ಬದುಕಿದವು. ಸಿಹಿ ಹಂಚಿದರು. ಆದರೆ ಅಲ್ಲಿಂದ ಓಣಿ ಓಣಿ ಹಿಡಿದು ಅದೇ ಜ್ವರ ನಡೆಯಿತು. ಗಬ್ಬದ ಆಕಳು ಕಂದು ಹಾಕಿದವು, ಎಮ್ಮೆಗಳ ಹಾಲು ಬತ್ತಿತು, ಬೆಳೆಯ ಸಾಲುಗಳ ನಡುವೆ ಎಡೆ ಹೊಡೆಯುವ ಹೊತ್ತಿಗೆ ಸರಿಯಾಗಿ ಎತ್ತುಗಳು ನೊಗಕ್ಕೆ ಬಾರದಾದವು. ಕೆಲವು ಸತ್ತವು. ನಾನು ಕಳಿಸಿದ ಪ್ರತಿ ಮಾದರಿಗೂ ಪ್ರಯೋಗಾಲಯದಿಂದ ಒಂದೇ ಉತ್ತರ, ನೆಗೆಟಿವ್. ಮೇಲಿನ ಅಧಿಕಾರಿ ಫೋನಿನಲ್ಲಿ, "ಎಲ್ಲಾ ನೆಗೆಟಿವ್ ಅಂದ್ಮ್ಯಾಗ ರೋಗ ಎಲ್ಲಿಂದ ಬಂತ್ರಿ?" ಅಂತ ನಕ್ಕರು. ದನ ಸಾಯುತ್ತಿವೆಯಲ್ಲ ಸಾರ್ ಅಂದೆ. "ಸಾಯ್ತಾವ್ರಿ, ಮಳಿಗಾಲ," ಅಂದರು. ಪರೀಕ್ಷೆ ಅಂದರೆ ಗೊತ್ತಿರುವ ಕಳ್ಳರ ಫೋಟೋ ಹಿಡಿದು ಊರಲ್ಲಿ ಹುಡುಕಿದ ಹಾಗೆ. ಫೋಟೋ ಇಲ್ಲದ ಕಳ್ಳ ಎದುರಿಗೆ ಬಂದು ನಿಂತರೂ ಬಿಟ್ಟು ಕಳಿಸುತ್ತದೆ. ಇಷ್ಟು ಸಣ್ಣ ಮಾತನ್ನು ಆ ಮನುಷ್ಯನ ತಲೆಗೆ ಹಾಕಲು ನನಗೆ ಆಗಲಿಲ್ಲ. ನಾನೇ ಬೆಂಗಳೂರಿನ ಒಂದು ಸಂಶೋಧನಾ ಕೇಂದ್ರಕ್ಕೆ ಬರೆದೆ, ಬರೆದೆ, ಮತ್ತೆ ಬರೆದೆ. ಕೊನೆಗೆ ಒಂದು ತಂಡ ಬರುವುದಾಗಿ ಒಪ್ಪಿತು. ಜ್ವರ ಇರುವ ದನಗಳ ರಕ್ತ, ಅವುಗಳ ಮೈಮೇಲಿನ ಜೀವಂತ ಉಣ್ಣಿ, ಇವೆರಡೇ ಅವರಿಗೆ ಬೇಕಾಗಿದ್ದದ್ದು. ಅದನ್ನು ನಾನು ಊರಿಗೆ ಹೋಗಿ ಬಾಯಿಬಿಟ್ಟು ಹೇಳಿ ಬಂದಿದ್ದೆ.

ಇನ್ನು ಆ ಊರಿನ ಜಾಣತನ ಕೇಳಿ.

ಬೆಂಗಳೂರಿನಿಂದ ದೊಡ್ಡ ಸಾಹೇಬರು ನಮ್ಮ ಊರಿನ ದನ ನೋಡಲು ಬರುತ್ತಾರೆ ಅಂದ ಮೇಲೆ ಊರಿನ ಇಜ್ಜತ್ತಿನ ಪ್ರಶ್ನೆ ಬಂತು. ಸಾಹುಕಾರರು ಡಂಗುರ ಸಾರಿಸಿದರು. ಮನೆ ಮನೆಯಲ್ಲಿ ದನ ತೊಳೆದರು. ಹೆಂಗಸರು ಗಂಡಸರು ಕೂತು ಉಣ್ಣಿ ಕಿತ್ತು ಕಿತ್ತು ಕುಳ್ಳಿನ ಬೆಂಕಿಗೆ ಹಾಕಿದರು. ಉಳಿದವಕ್ಕೆ ಔಷಧ ಹೊಡೆದರು. ಕಾರಹುಣ್ಣಿಮೆಯಲ್ಲಿ ಉಳಿದಿದ್ದ ಬಣ್ಣ ತೆಗೆದು ಕೊಂಬಿಗೆ ಬಳಿದರು. ಜ್ವರ ಬಂದ ದನಗಳನ್ನು, ನೋಡಿದವರು ಏನಂದುಕೊಂಡಾರು ಅಂತ, ದೂರದ ಹೊಲಗಳಿಗೆ ಹೊಡೆದುಬಿಟ್ಟರು. ತಂಡದ ಜೀಪಿನ ಹಿಂದೆ ನಾನು ಸ್ಕೂಟಿಯಲ್ಲಿ ಊರು ಹೊಕ್ಕಾಗ ಆ ಸೀಮೆಎಣ್ಣೆಯಂಥ ಘಾಟು ಊರ ಬಾಗಿಲ ಅಗಸೆಯಲ್ಲೇ ಮೂಗಿಗೆ ಹೊಡೆಯಿತು. ನನಗೆ ಅರ್ಥವಾಯಿತು.

"ಏನ್ ಮಾಡೀರಿ ಸಾಹುಕಾರ್ರ? ಉಣ್ಣಿ ಬೇಕಂತಲೇ ಅವರು ಬಂದಾರ!"

"ಬಾಯಾರ, ಬೀಗರು ಬಂದ್ರ ಮನಿ ಕಸ ತೋರಸ್ತೀರೇನು? ಸಾಫ್ ಮಾಡ್ಸೇನಿ. ನೀವು ಸುಮ್ಮ ಇರ್ರಿ."

ಅವರು ಮೂರ್ಖರಾದರು, ಆಗಲಿ. ತಂಡದ ಮುಖ್ಯಸ್ಥರಿಗೆ ಏನಾಗಿತ್ತು? ವೈರಸ್ಸುಗಳ ಬಗ್ಗೆ ದೇಶ ದೇಶ ತಿರುಗಿ ಭಾಷಣ ಮಾಡಿದವರಂತೆ. ಬಣ್ಣದ ಕೊಂಬಿನ ಎತ್ತಿನ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡು, "ತುಂಬಾ ಒಳ್ಳೆ ನಿರ್ವಹಣೆ. ಉಣ್ಣಿಯೇ ಇಲ್ಲವಲ್ಲ ಡಾಕ್ಟರೇ, ನೀವು ಸುಮ್ಮನೆ ಗಾಬರಿ ಮಾಡಿದಿರಿ," ಅಂದರು. ನಾಲ್ಕಾರು ಆರೋಗ್ಯವಂತ ದನಗಳ ರಕ್ತ ತೆಗೆಸಿದರು. ಆಮೇಲೆ ಸಾಹುಕಾರರ ಪಡಸಾಲೆಯಲ್ಲಿ ಊಟ. ಹೋಳಿಗೆ, ಎಳೆ ಬದನೆಕಾಯಿಯ ಎಣ್ಣೆಗಾಯಿ, ಬಿಸಿ ರೊಟ್ಟಿ, ಶೇಂಗಾ ಹಿಂಡಿ, ಮೊಸರು. ವಿಜ್ಞಾನ ಅಲ್ಲಿಗೆ ಮುಗಿಯಿತು. ತಾಂಬೂಲ ಬಾಯಿಗೆ ಬಿದ್ದ ಮೇಲೆ ಮುಖ್ಯಸ್ಥರು ಜೀಪಿನ ಸೀಟಿಗೆ ಒರಗಿ ಕಣ್ಣು ಮುಚ್ಚಿದರು.

ತಂಡದಲ್ಲಿ ಫರ್ಜಾನಾ ಅಂತ ಒಬ್ಬಳಿದ್ದಳು. ಕಲಬುರಗಿಯ ಹುಡುಗಿ, ಪ್ರಯೋಗಾಲಯದಲ್ಲಿ ನಿಜವಾದ ಕೆಲಸ ಮಾಡುವವಳು ಅವಳೇ. ನನ್ನ ಮುಖ ನೋಡಿ ಹತ್ತಿರ ಬಂದಳು.

"ಮೇಡಂ, ಡಂಗುರ ಕೇಳದ ಮನಿ ಒಂದೂ ಇಲ್ಲೇನ್ರಿ ಈ ಊರಾಗ?"

ಇತ್ತು. ಡಂಗುರದವನು ಹಳ್ಳದ ಆಚೆಗಿನ ಬೌದ್ಧರ ಓಣಿಗೆ ಹೋಗಿರಲಿಲ್ಲ. ದೊಡ್ಡ ಸಾಹೇಬರು ಆ ಕಡೆ ಯಾಕೆ ಹೋಗುತ್ತಾರೆ ಅಂತ ಸಾಹುಕಾರರ ಲೆಕ್ಕ.

ಮುಖ್ಯಸ್ಥರ ಗೊರಕೆಯನ್ನು ಹಿಂದೆ ಬಿಟ್ಟು ನಾವಿಬ್ಬರೂ ಐಸ್ ಡಬ್ಬಿ ಹೊತ್ತು ಹಳ್ಳ ದಾಟಿದೆವು. ಮೊದಲ ಮನೆಯೇ ಸುಶೀಲಾಬಾಯಿಯದು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಒಂದು ಜರ್ಸಿ ಆಕಳು ಕಟ್ಟಿಕೊಂಡು ಸಂಸಾರ ನಡೆಸುತ್ತಿದ್ದ ಗಟ್ಟಿ ಹೆಂಗಸು. ಆಕಳಿಗೆ ಹಿಂದಿನ ದಿನದಿಂದ ಜ್ವರ. ಕೆಚ್ಚಲಿನ ಸುತ್ತ ಉಣ್ಣಿ ಮುತ್ತಿದ್ದವು. ಫರ್ಜಾನಾಳ ಕಣ್ಣು ಹೊಳೆದದ್ದು ನೋಡಿ ಸುಶೀಲಾಬಾಯಿಗೆ ಸಿಟ್ಟು ಬಂತು.

"ನನ್ನ ಆಕಳ ಸಾಯಾಕತ್ತದ, ನೀ ನಗಾಕತ್ತೀ ಏನ ಬೇ?"

ನಾನು ಕೈ ಮುಗಿದು ಜೈ ಭೀಮ್ ಅಂದೆ, ನನ್ನ ಊರು ಹೇಳಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಆಕಳ ಮೂಗುದಾರ ಗಟ್ಟಿ ಹಿಡಿದು, "ತಗೋ ತಂಗಿ, ಏನ್ ತಗೋತಿ ತಗೋ. ಆದ್ರ ಒಂದ್ ಮಾತು ಹೇಳು. ಹಾಲು ಡೇರಿಗಿ ಹಾಕ್ಲಾ ಬ್ಯಾಡಾ?" ಅಂದಳು.

ಜ್ವರ ಇಳಿದು ನಾನು ಹೇಳುವ ತನಕ ಹಾಕಬೇಡ ಅಂದೆ. ಅವಳ ಮುಖ ಸಣ್ಣದಾಯಿತು. ಆ ಹಾಲು ಅವಳಿಗೆ ಬರೀ ಹಾಲಾಗಿರಲಿಲ್ಲ. ಡೇರಿಯ ದೊಡ್ಡ ಕ್ಯಾನಿಗೆ ಹಳ್ಳದ ಆಚೆಯ ಹಾಲು ಬೀಳುವುದು ಬೇಡ ಅಂತ ಊರು ಎಷ್ಟೋ ವರ್ಷ ನೆಪ ಹೇಳಿತ್ತು. ಫ್ಯಾಟು ಕಡಿಮೆ, ಸದಸ್ಯತ್ವ ತುಂಬಿದೆ, ಮುಂದಿನ ವರ್ಷ ಬಾ. ಅವಳು ತಾಲ್ಲೂಕು ಕಚೇರಿ ಅಲೆದು, ಜಿಲ್ಲೆಗೆ ಹೋಗಿ ಕೂತು, ಬಡಿದಾಡಿ ಸದಸ್ಯಳಾಗಿದ್ದಳು. ಅವಳ ಓಣಿಯಿಂದ ಆ ಕ್ಯಾನಿಗೆ ಬಿದ್ದ ಮೊದಲ ಹಾಲು ಅವಳದು. ಆದರೂ ನನ್ನ ಮಾತು ಕೇಳಿ ಅವಳು ಅಂದೇ ನಿಲ್ಲಿಸಿದಳು. ಅದೇ ಮಾತನ್ನು ನಾನು ಊರಿನ ಉಳಿದವರಿಗೂ ಹೇಳಿದ್ದೆ. ಅವರೋ ಜ್ವರದ ಎಮ್ಮೆಯ ಹಾಲನ್ನೂ ತಂದು ಸುರಿಯುತ್ತಲೇ ಇದ್ದರು, ಸಾಹುಕಾರರ ಮನೆಯವರೂ ಸೇರಿ.

ಆಕಳು ಉಳಿಯಿತು. ನಾನು ದಿನ ಬಿಟ್ಟು ದಿನ ಹೋಗುತ್ತಿದ್ದೆ. ಸುಶೀಲಕ್ಕ ಅನ್ನತೊಡಗಿದ್ದೆ ಆಗಲೇ. ಜ್ವರ ಇಳಿದ ಮೇಲೆ ಮತ್ತೊಮ್ಮೆ ರಕ್ತ ತೆಗೆದು ಬೆಂಗಳೂರಿಗೆ ಕಳಿಸಿದೆ. ಅವಳ ಹಾಲು ಮತ್ತೆ ಡೇರಿಗೆ ಹೋಗತೊಡಗಿತು. ಹೆಸರುಕಾಳಿನ ರಾಶಿಯ ಹೊತ್ತಿಗೆ ಫರ್ಜಾನಾಳ ಫೋನ್ ಬಂತು.

"ಮೇಡಂ, ಹೊಸಾದದ. ಬಿಲ್ಕುಲ್ ಹೊಸಾದು."

ಅವಳು ಸುಶೀಲಕ್ಕನ ಆಕಳ ಮೇಲಿನ ಉಣ್ಣಿಗಳನ್ನು ಅರೆದು, ಬುಡ್ಡಿಯಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ಹಾಕಿದ್ದಳು. ಜೀವಕೋಶಗಳು ಒಂದೊಂದಾಗಿ ಸತ್ತವು. ಕೊಂದ ವೈರಸ್ಸಿನ ಅನುವಂಶಿಕ ರಚನೆಯನ್ನು ಓದಿಸಿ, ಜಗತ್ತಿಗೆ ಗೊತ್ತಿರುವ ವೈರಸ್ಸುಗಳ ಜೊತೆ ಹೋಲಿಸಿದರೆ ದೂರದ ನೆಂಟರು ಸಿಕ್ಕರು, ಒಡಹುಟ್ಟಿದವರು ಯಾರೂ ಸಿಗಲಿಲ್ಲ. ಜ್ವರದಲ್ಲಿ ತೆಗೆದ ಆಕಳ ರಕ್ತದಲ್ಲೂ ಅದೇ ಇತ್ತು. ಚೇತರಿಸಿಕೊಂಡ ಮೇಲೆ ತೆಗೆದ ರಕ್ತದ ತಿಳಿಯನ್ನು ಸೇರಿಸಿದರೆ ವೈರಸ್ಸು ಜೀವಕೋಶಗಳನ್ನು ಕೊಲ್ಲಲಾರದೆ ಸೋಲುತ್ತಿತ್ತು. ಅಂದರೆ ಆಕಳ ಮೈ ಅದರ ಜೊತೆ ಹೋರಾಡಿ ಗೆದ್ದಿದೆ ಅಂತ ಅರ್ಥ. ಮನುಷ್ಯರಿಗೆ ಹತ್ತುತ್ತದೆಯೋ ನೋಡಲು ನನ್ನ ರಕ್ತ, ಸುಶೀಲಕ್ಕನ ರಕ್ತ, ದನ ಮೇಯಿಸುವ ಕೆಲವರ ರಕ್ತ ಪರೀಕ್ಷಿಸಿದರು, ಏನೂ ಸಿಗಲಿಲ್ಲ. ಸಾಹುಕಾರರು ಮಾತ್ರ ರಕ್ತ ಕೊಡಲಿಲ್ಲ. ಸೂಜಿ ಕಂಡರೆ ಅವರಿಗೆ ಹೆದರಿಕೆ.

ಆ ದಿನ ನಾನು ಖುಷಿಪಟ್ಟೆ, ಸುಳ್ಳು ಯಾಕೆ ಹೇಳಲಿ. ದವಾಖಾನೆಯ ಅಂಗಳದಲ್ಲಿ ಒಬ್ಬಳೇ ನಕ್ಕೆ. ಖುಷಿ ಹೆಚ್ಚು ದಿನ ಬಾಳಲಿಲ್ಲ.

ಜೀಪಿನಲ್ಲಿ ಗೊರಕೆ ಹೊಡೆದ ಮುಖ್ಯಸ್ಥರು ಪತ್ರಿಕೆಯವರನ್ನು ಕರೆದು, ಕಷ್ಟಪಟ್ಟು ಹಳ್ಳಿ ಹಳ್ಳಿ ಸುತ್ತಿ ತಾವು ಹೊಸ ವೈರಸ್ ಕಂಡುಹಿಡಿದ ಕತೆ ಹೇಳಿದರು. ಮೊದಲ ಪ್ರಕರಣ ಇಂಥ ಊರಿನ ಇಂಥ ಓಣಿಯ ಆಕಳು ಅಂತಲೂ ಹೇಳಿದರು. ಓಣಿಯ ಹೆಸರು ಹೇಳುವ ಅಗತ್ಯವೇನಿತ್ತೋ ಆ ಮಹಾನುಭಾವರನ್ನೇ ಕೇಳಬೇಕು. ಸಾಹುಕಾರರು ಆ ಸುದ್ದಿಯನ್ನು ಕಟ್ಟೆಯ ಮೇಲೆ ಕೂತು ಜೋರಾಗಿ ಓದಿ, ಓದಲು ಬರುವವರ ಕೈಗೂ ಕೊಟ್ಟು ಮತ್ತೆ ಓದಿಸಿದರು. ಊರಿಗೆ ಬೇಕಾದದ್ದು ಸಿಕ್ಕಿತು. ರೋಗ ಹಳ್ಳದ ಆಚೆಯಿಂದ ಬಂತು.

ಮರುದಿನ ಪಂಚಾಯ್ತಿಯವರು ಹೊಗೆ ಯಂತ್ರ ತಂದು ಸುಶೀಲಕ್ಕನ ಓಣಿಗೆ ಮಾತ್ರ ಹೊಗೆ ಹಾಕಿ ಹೋದರು. ಹೊಗೆಗೆ ಉಣ್ಣಿ ಸಾಯುವುದಿಲ್ಲ. ಮಕ್ಕಳು ಕೆಮ್ಮಿದವು ಅಷ್ಟೇ. ಸಂಜೆ ಅವಳು ಹಾಲಿನ ಕಿಟ್ಲಿ ಹಿಡಿದು ಡೇರಿಗೆ ಹೋದರೆ ಸೆಕ್ರೆಟರಿ ಮಲ್ಲಣ್ಣ ಕ್ಯಾನಿನ ಮೇಲೆ ಮುಚ್ಚಳ ಹಾಕಿದ. ನಾನು ಹೋಗಿ ಕೇಳಿದೆ. ಆಕಳಿಗೆ ಈಗ ರೋಗವಿಲ್ಲ, ಡೇರಿಯಲ್ಲಿ ಹಾಲು ಹೇಗೂ ಕಾಯಿಸುತ್ತಾರೆ, ರೋಗ ಹರಡುವುದು ಉಣ್ಣಿಯಿಂದ, ಹಾಲಿನಿಂದ ಬಂದ ಒಂದು ಉದಾಹರಣೆಯೂ ಇಲ್ಲ, ಎಲ್ಲ ಹೇಳಿದೆ.

"ನನಗೇನ್ರಿ ಬಾಯಾರ," ಮಲ್ಲಣ್ಣ ಕೈ ಹೊಸೆದ. "ನಾ ಏನ್ ಅಂತೇನಿ? ಮಂದಿ ಒಪ್ಪಂಗಿಲ್ರಿ. ಅಧ್ಯಕ್ಷರು ಹೇಳ್ಯಾರ."

ಮಂದಿ ಅಂದರೆ ಯಾರು ಅಂತ ಯಾವ ಊರಲ್ಲೂ ನನಗೆ ಇದುವರೆಗೆ ಗೊತ್ತಾಗಿಲ್ಲ. ಮೆತ್ತಗಿನ ಮನುಷ್ಯ ಮಲ್ಲಣ್ಣ, ಮಾತಿಗೊಮ್ಮೆ ಕೈ ಮುಗಿಯುವವನು. ಸಾಹುಕಾರರಿಗಿಂತ ಹೆಚ್ಚು ಅಸಹ್ಯ ನನಗೆ ಅವನನ್ನು ಕಂಡರೆ.

ಸುಶೀಲಕ್ಕ ಹಾಲನ್ನು ಓಣಿಯ ಮಕ್ಕಳಿಗೆ ಹಂಚಿದಳು. ಅಳಲಿಲ್ಲ. "ಬಡಿದಾಡಿ ಒಳಗ ಹೋಗಿದ್ದೆ ತಂಗಿ. ಈಗ ನನ್ನ ಆಕಳ ಹೆಸರ ಮ್ಯಾಲೆ ಬಾಗಲ ಹಾಕ್ಯಾರ. ನಾಳಿ ನಮ್ಮ ಓಣ್ಯಾಗ ಇನ್ನೊಬ್ಬಾಕಿ ಆಕಳ ಕಟ್ಟಿದ್ರ ಆಕಿಗೂ ಇದೇ ಹೇಳ್ತಾರ," ಅಂದಳು. ಅದು ನಿಜ. ಒಂದು ಕುಟುಂಬದ ಹಾಲಿನ ಮಾತಾಗಿರಲಿಲ್ಲ ಅದು.

ಮೊದಲು ಸಿಕ್ಕಿದ್ದು ಬೇರೆ, ಮೊದಲು ಬಂದದ್ದು ಬೇರೆ. ಅವಳ ಆಕಳಲ್ಲಿ ಮೊದಲು ಸಿಕ್ಕಿತು, ಯಾಕೆಂದರೆ ಉಳಿದವರು ಉಣ್ಣಿ ಸುಟ್ಟು, ಜ್ವರದ ದನ ಬಚ್ಚಿಟ್ಟು ಬಣ್ಣ ಬಳಿದುಕೊಂಡು ನಿಂತಿದ್ದರು. ಸಾಹುಕಾರರ ಖಿಲಾರಿಗಳಿಗೆ ಜ್ವರ ಬಂದದ್ದು ಅದಕ್ಕೂ ಎಷ್ಟೋ ಮುಂಚೆ. ಅವುಗಳ ರಕ್ತದ ತಿಳಿ ನನ್ನ ಫ್ರೀಜರಿನಲ್ಲಿತ್ತು. ಆಗ ನೆಗೆಟಿವ್ ಬಂದಿತ್ತು, ಆಗ ಈ ಕಳ್ಳನ ಫೋಟೋ ಯಾರ ಹತ್ತಿರವೂ ಇರಲಿಲ್ಲ. ಈಗಿದೆ. ಮುಖ್ಯಸ್ಥರಿಗೆ ಫೋನ್ ಮಾಡಿ ಮತ್ತೆ ಪರೀಕ್ಷಿಸಿ ಅಂದೆ.

"ನೋಡಿ ಡಾಕ್ಟರೇ, ಲೇಖನ ಆಗಲೇ ಹೋಗಿದೆ. ಮೊದಲ ಪ್ರಕರಣ ಅಂತ ಬರೆದಾಗಿದೆ. ಈಗ ಬದಲಾಯಿಸಿದರೆ ನೂರು ಪ್ರಶ್ನೆ ಕೇಳ್ತಾರೆ. ಅದರಿಂದ ವೈರಸ್ಸಿಗೇನು ವ್ಯತ್ಯಾಸ ಆಗುತ್ತೆ ಹೇಳಿ?"

ವೈರಸ್ಸಿಗೆ ಏನೂ ಆಗುವುದಿಲ್ಲ ಸಾರ್ ಅಂದೆ. ಅವರು ಫೋನ್ ಇಟ್ಟರು. ಪ್ರಶ್ನೆಗೆ ಹೆದರುವ ವಿಜ್ಞಾನಿ, ಸೂಜಿಗೆ ಹೆದರುವ ಸಾಹುಕಾರ. ಒಬ್ಬರಿಗೊಬ್ಬರು ಹೋಳಿಗೆ ಬಡಿಸಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ಒಂದು ಭಾನುವಾರ ಅಫಜಲಪುರಕ್ಕೆ ಹೋದೆ. ಭೀಮಾ ನದಿ ತುಂಬಿ ಕೆಂಪಗೆ ಹರಿಯುತ್ತಿತ್ತು. ದಂಡೆಯ ಕಬ್ಬಿನ ಹೊಲಗಳ ನಡುವೆ ಕೇಳುತ್ತಾ ಹೋಗಿ ಎತ್ತು ಮಾರಿದವನನ್ನು ಹಿಡಿದೆ. ಹುಂಬ ಮನುಷ್ಯ, ಹಲ್ಲು ಕಿರಿದೇ ಮಾತಾಡುವವನು. ಸಾಹುಕಾರರ ಹೆಸರು ಹೇಳಿದ್ದೇ ತಡ, ನಗು ತಡೆಯಲು ಆಗಲಿಲ್ಲ ಅವನಿಗೆ.

"ಹೌದ್ರಿ ಮೇಡಂ, ನಮ್ಮ ದೊಡ್ಡ್ಯಾಗ ಜ್ವರ ಹೊಕ್ಕಿತ್ತು. ಎರಡು ಆಕಳ ಹ್ವಾದ್ವು. ಈ ಜೋಡಿ ಇನ್ನಾ ಖಡಕ್ ಇದ್ವು, ಮಾರಿಬಿಟ್ಟೆ. ಸಾಹುಕಾರ್ರು ಹಲ್ಲ ನೋಡಿದ್ರು, ಸುಳಿ ನೋಡಿದ್ರು. ಕಿವ್ಯಾಗ ನೋಡ್ಲಿಲ್ಲ. ನಾ ಯಾಕ ತೋರಸ್ಲಿ?"

ಮೈಮೇಲಿನ ಕೂದಲ ಸುಳಿ ನೋಡಿ ಭಾಗ್ಯ ಕೊಂಡವರು, ಕಿವಿಯಲ್ಲಿ ತುಂಬಿದ್ದ ಉಣ್ಣಿ ನೋಡಲಿಲ್ಲ. ಅವನ ಉಳಿದ ದನಗಳ ರಕ್ತ ತೆಗೆದೆ, ಅವನು ಬೇಡ ಅನ್ನಲಿಲ್ಲ. ಆ ಟ್ಯೂಬುಗಳನ್ನೂ ಫ್ರೀಜರಿನ ಹಳೆಯ ಟ್ಯೂಬುಗಳನ್ನೂ ಐಸ್ ಡಬ್ಬಿಯಲ್ಲಿಟ್ಟು, ರಜೆ ಹಾಕಿ, ತೊಡೆಯ ಮೇಲಿಟ್ಟುಕೊಂಡು ರೈಲಿನಲ್ಲಿ ಬೆಂಗಳೂರಿಗೆ ಹೋದೆ. ಫರ್ಜಾನಾ ಏನೂ ಕೇಳದೆ ತೆಗೆದುಕೊಂಡಳು. ಅವಳ ಕೆಲಸಕ್ಕೆ ಕುತ್ತು ಬರಬಹುದಿತ್ತು. "ಬರ್ಲಿ ಬಿಡ್ರಿ," ಅಂದಳು.

ಸಾಹುಕಾರರ ಎರಡೂ ಎತ್ತುಗಳ ಜ್ವರದ ರಕ್ತದಲ್ಲಿ ವೈರಸ್ಸು ಸಿಕ್ಕಿತು. ಅಫಜಲಪುರದ ದನಗಳು ಅದರ ಜೊತೆ ಹೋರಾಡಿ ಗೆದ್ದ ಗುರುತು ಅವುಗಳ ರಕ್ತದಲ್ಲಿತ್ತು. ಮುಖ್ಯಸ್ಥರು ಹಲ್ಲು ಕಚ್ಚಿಕೊಂಡು ಲೇಖನ ತಿದ್ದಿದರು. ತಿದ್ದಿದ ಮೇಲೆ, ತಾವೇ ಹಳೆಯ ಮಾದರಿಗಳನ್ನು ಮತ್ತೆ ನೋಡಲು ಯೋಚಿಸಿದ್ದು ಅಂತ ಹೇಳಿಕೊಂಡು ತಿರುಗಿದರು. ತಿರುಗಲಿ.

ಹಿಂಗಾರಿ ಜೋಳ ಬಿತ್ತುವ ಹೊತ್ತು. ಡೇರಿಯ ಮುಂದೆ ಸಂಜೆ ಹಾಲು ಹಾಕುವ ವೇಳೆಗೆ ಸಂಘದ ಸಭೆ ಕರೆದಿದ್ದರು. ಉಣ್ಣಿ ಹತೋಟಿಯ ಬಗ್ಗೆ ಮಾತಾಡಲು ನನ್ನನ್ನೂ ಕರೆದಿದ್ದರು. ನಾನು ಬೇಕಾದದ್ದೇ ಮಾತಾಡಿದೆ. ರೋಗ ಎಲ್ಲಿಂದ ಬಂತು, ಯಾರ ದೊಡ್ಡಿಗೆ ಮೊದಲು ಬಂತು, ಉಣ್ಣಿಗಳು ಅಲ್ಲಿಂದ ಯಾವ ಯಾವ ಓಣಿಗೆ ಹೋದವು, ಕೊನೆಗೆ ಹಳ್ಳ ದಾಟಿದವು, ಎಲ್ಲವನ್ನೂ ಎಲ್ಲರ ಎದುರಿಗೆ ಹೇಳಿದೆ. ಸುಶೀಲಕ್ಕ ಕಿಟ್ಲಿ ಹಿಡಿದು ಬಾಗಿಲ ಹತ್ತಿರ ನಿಂತಿದ್ದಳು, ನಾನೇ ಬರಲು ಹೇಳಿದ್ದೆ.

ಸಾಹುಕಾರರ ಮುಖ ಕಪ್ಪಿಡುತ್ತದೆ ಅಂದುಕೊಂಡಿದ್ದೆ. ಅವರನ್ನು ನಾನು ಇನ್ನೂ ಅಳೆದಿರಲಿಲ್ಲ. ಮೀಸೆ ತೀಡಿಕೊಂಡು ಎದ್ದು ನಿಂತರು.

"ಅಂದ್ರ, ಇಡೀ ದುನಿಯಾದಾಗ ಪಹಿಲೆ ನಮ್ಮ ಎತ್ತಿನ್ಯಾಗೇ ಸಿಕ್ಕದ ಅಂದಂಗಾತು! ಹಂಗಾದ್ರ ಅದಕ್ಕ ನಮ್ಮ ಮನಿತನದ ಹೆಸರು ಇಡಾಕ ಬರ್ತದೇನ್ರಿ ಬಾಯಾರ? ಪೇಪರಿಗಿ ಹೇಳ್ರಿ."

ಮಂದಿ ತಲೆದೂಗಿದರು. ನಾಲ್ಕು ಜನ ಚಪ್ಪಾಳೆ ಹೊಡೆದರು. ಹಳ್ಳದ ಆಚೆ ಸಿಕ್ಕಾಗ ಹೊಲಸು, ಸಾಹುಕಾರರ ದೊಡ್ಡಿಯಲ್ಲಿ ಸಿಕ್ಕಾಗ ಬಿರುದು. ನನಗೆ ತಡೆಯಲಾಗಲಿಲ್ಲ.

"ಆಕಿ ಆಕಳಿಗೆ ರೋಗ ಬಂದಿತ್ತಂತ ಆಕಿ ಹಾಲು ಬಂದ್ ಮಾಡಿದ್ರಿ. ಹಂಗಾದ್ರ ನಾಳಿಂದ ನಿಮ್ಮನಿ ಹಾಲೂ ಬಂದ್ ಮಾಡ್ರಿ."

"ನಮ್ಮ ಎತ್ತು ಹಾಲು ಹಿಂಡ್ತಾವೇನ್ರಿ ಬಾಯಾರ?" ಅಂದರು ಸಾಹುಕಾರರು. ಇಡೀ ಸಭೆ ಹೊಟ್ಟೆ ಹಿಡಿದು ನಕ್ಕಿತು.

"ಅವುಗಳ ಮಗ್ಗಲದಾಗೇ ಕಟ್ಟೀರಲ್ಲ, ಎಮ್ಮಿ. ಅವಕ್ಕೂ ಜ್ವರ ಬಂದಿತ್ತು. ಅವು ಹಿಂಡ್ತಾವ. ಒಂದು ದಿನಾನೂ ಬಿಡದಂಗ ಇಲ್ಲಿ ಸುರದೀರಿ. ಇವರೆಲ್ಲಾ ಕುಡದಾರ."

ನಗು ನಿಂತಿತು. ಒಬ್ಬನಾದರೂ, ಒಬ್ಬಳಾದರೂ, ಹೌದು ಅನ್ನಲಿಲ್ಲ. ಕೆಲವರು ಚಪ್ಪಲಿ ನೋಡಿಕೊಂಡರು. ಮಲ್ಲಣ್ಣನೇ ಕೈ ಮುಗಿದು ನಡುವೆ ಬಂದ.

"ಆಗಿದ್ದಾಯ್ತು ಬಿಡ್ರಿ. ಸುಶೀಲಾಬಾಯಿ ನಾಳಿಂದ ಹಾಲು ತರ್ಲಿ. ಮಂದಿ ಮನಸ್ಸಿಗಿ ಸಮಾಧಾನ ಆಗೋತನಾ, ನಾಕ ದಿನ, ಆಕಿಗಿ ಬ್ಯಾರೆ ಕ್ಯಾನು ಇಡೋಣು. ಏನಂತೀರಿ?"

ಆ ಕ್ಯಾನು ಆಗಲೇ ತಂದಿಟ್ಟಿದ್ದ, ಮೂಲೆಯಲ್ಲಿ. ಸಣ್ಣದು, ಹೊಚ್ಚ ಹೊಸದು. ಅಂದರೆ ನಾನು ಏನು ಹೇಳಿದರೂ ಕೊನೆಗೆ ಇದನ್ನೇ ಕೊಡುವುದು ಅಂತ ಮೊದಲೇ ಮಾತಾಗಿತ್ತು. "ಬರೋಬ್ಬರಿ ಅದ, ಬರೋಬ್ಬರಿ ಅದ," ಅಂದರು ಜನ. ದೊಡ್ಡ ಉಪಕಾರ ಮಾಡಿದವರ ಸಮಾಧಾನ ಅವರ ಮುಖದ ಮೇಲಿತ್ತು. ಇಷ್ಟು ಅಲೆದು, ಇಷ್ಟು ಕಾಡಿ ತಂದ ಸತ್ಯ ಅಲ್ಲಿ ಯಾರಿಗೂ ಏನೂ ಮಾಡಲಿಲ್ಲ. ಹೊರಗೆ ಹಾಲಿನ ವ್ಯಾನು ಬಂದು ನಿಂತು ಹಾರ್ನು ಹೊಡೆಯಿತು.

ಸುಶೀಲಕ್ಕ ಒಳಗೆ ಬಂದಳು. ಮೂಲೆಯ ಹೊಸ ಕ್ಯಾನನ್ನು ನೋಡಿದಳು. ಮಲ್ಲಣ್ಣ ದಾರಿ ತೋರಿಸುವವನಂತೆ ಆ ಕಡೆ ಕೈ ಚಾಚಿದ. ಅವಳು ಅವನನ್ನು ಬಳಸಿಕೊಂಡು ಮುಂದೆ ಹೋದಳು. ಸಾಹುಕಾರರ ಮನೆಯ ಹಾಲು ಆಗಷ್ಟೇ ಬಿದ್ದಿದ್ದ ದೊಡ್ಡ ಕ್ಯಾನು ಬಾಯಿ ತೆರೆದು ನಿಂತಿತ್ತು. ಅಳತೆ ಮಾಡಿಸಲಿಲ್ಲ, ಫ್ಯಾಟು ನೋಡಿಸಲಿಲ್ಲ. ಕಿಟ್ಲಿಯನ್ನು ಬೋರಲು ಹಾಕಿ, ಕೊನೆಯ ಹನಿ ಇಳಿಯುವ ತನಕ ಹಿಡಿದು ನಿಂತಳು. ಯಾರೋ "ಏ, ಏ," ಅಂದರು. ಅಷ್ಟು ಹೊತ್ತಿಗೆ ಮುಗಿದಿತ್ತು.

ಅವಳು ಸೆರಗಿನಿಂದ ಕೈ ಒರೆಸಿಕೊಂಡು ಸಾಹುಕಾರರ ಕಡೆ ತಿರುಗಿದಳು.

"ಈಗ ಆರಿಸಿ ತಗೀರಿ, ನಂದು ಯಾವುದಂತ."

ವ್ಯಾನಿನವನು ಮತ್ತೆ ಹಾರ್ನು ಹೊಡೆದ. ಆ ಕ್ಯಾನು ಚೆಲ್ಲಿದರೆ ಅರ್ಧ ಊರಿನ ಹಾಲು ಚೆಲ್ಲಬೇಕಾಗಿತ್ತು. ಮಲ್ಲಣ್ಣ ಸಾಹುಕಾರರ ಮುಖ ನೋಡಿದ. ಸಾಹುಕಾರರು ಗೋಡೆ ನೋಡಿದರು. ಮಲ್ಲಣ್ಣ ಮುಚ್ಚಳ ಹಾಕಿದ.